ಅಲಿಯನ್ನು 1910ಕ್ಕೆ ಕಳುಹಿಸಿದರೆ?

ಬಾಕ್ಸಿಂಗ್ ಪ್ರಿಯರು ಸೇರಿದಲ್ಲೆಲ್ಲ ಒಂದು ಹಳೆಯ ಜಗಳ ಏಳುತ್ತದೆ. ಮುಹಮ್ಮದ್ ಅಲಿಯೂ ಮೈಕ್ ಟೈಸನ್ನನೂ ತಮ್ಮ ತಮ್ಮ ಪ್ರಾಯದಲ್ಲಿ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ಜೋ ಲೂಯಿಸನ ಹೊಡೆತವನ್ನು ಜಾರ್ಜ್ ಫೋರ್‌ಮನ್ ತಡೆದುಕೊಳ್ಳುತ್ತಿದ್ದನೇ? ಸತ್ತವರನ್ನು ಎಬ್ಬಿಸಿ, ಮುದುಕರಿಗೆ ಮತ್ತೆ ಪ್ರಾಯ ತುಂಬಿ ಕಾದಾಡಿಸುವ ಈ ಆಟಕ್ಕೆ ಕೊನೆಯೂ ಇಲ್ಲ, ಖರ್ಚೂ ಇಲ್ಲ.

1967ರಲ್ಲಿ ಅಮೆರಿಕದ ಮಯಾಮಿಯ ರೇಡಿಯೋ ನಿರ್ಮಾಪಕ ಮರ್ರೆ ವೊರೊನರ್ ಈ ಆಟವನ್ನು ಕಂಪ್ಯೂಟರಿಗೆ ಒಪ್ಪಿಸಿದ. ಬೇರೆ ಬೇರೆ ಕಾಲದ 16 ಹೆವಿವೇಟ್ ಚಾಂಪಿಯನ್ನರ ವೇಗ, ಹೊಡೆತ, ದಮ್ಮು, ಧೈರ್ಯ ಎಲ್ಲವನ್ನೂ ಅಂಕಿಗಳಾಗಿ ಮಾಡಿ ಯಂತ್ರಕ್ಕೆ ತಿನ್ನಿಸಲಾಯಿತು. ಅದು ಕೊಟ್ಟ ಫಲಿತಾಂಶವನ್ನು ನಿಜವಾದ ಪಂದ್ಯದ ವೀಕ್ಷಕ ವಿವರಣೆಯಂತೆ ರೇಡಿಯೋದಲ್ಲಿ ಬಿತ್ತರಿಸಲಾಯಿತು. ಅದರಲ್ಲಿ ಮುಹಮ್ಮದ್ ಅಲಿ, 1899ರಿಂದ 1905ರವರೆಗೆ ಚಾಂಪಿಯನ್ ಆಗಿದ್ದ ಬಿಳಿಯ ಜಿಮ್ ಜೆಫ್ರೀಸ್‌ನ ಎದುರು ಸೋತುಹೋದ. ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದ ಕಾರಣಕ್ಕೆ ಅದೇ ವರ್ಷ ಅಲಿಯ ಪಟ್ಟವನ್ನೂ ಪರವಾನಿಗೆಯನ್ನೂ ಕಿತ್ತುಕೊಳ್ಳಲಾಗಿತ್ತು. ನಿಜದ ಅಖಾಡದಲ್ಲಿ ಅವನನ್ನು ಸೋಲಿಸುವವರು ಸಿಕ್ಕಿರಲಿಲ್ಲ. ಯಂತ್ರ ಆ ಕೆಲಸವನ್ನು ಮಾಡಿಕೊಟ್ಟಿತು.

ಅಲಿ ಹತ್ತು ಲಕ್ಷ ಡಾಲರಿನ ಮಾನನಷ್ಟ ಮೊಕದ್ದಮೆ ಹೂಡಿದ. ಕೊನೆಗೆ ರಾಜಿಯಾಗಿ, ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೊನ ಜೊತೆ ಕ್ಯಾಮೆರಾ ಮುಂದೆ ಕಾದಾಡುವ ನಟನೆ ಮಾಡಲು ಒಪ್ಪಿದ. 1970ರ ಜನವರಿಯಲ್ಲಿ ಆ ಚಿತ್ರ ತೆರೆಕಂಡಾಗ ಅಮೆರಿಕದ ಪ್ರೇಕ್ಷಕರು ಮಾರ್ಸಿಯಾನೊ ಗೆದ್ದದ್ದನ್ನು ಕಂಡರು. ಯುರೋಪಿನವರಿಗೆ ಅಲಿ ಗೆಲ್ಲುವ ಬೇರೆ ಮುಕ್ತಾಯವನ್ನು ತೋರಿಸಲಾಯಿತು. ಆ ಕಂಪ್ಯೂಟರ್ ಅಲಬಾಮದಲ್ಲಿ ತಯಾರಾಗಿರಬೇಕು ಎಂದು ಅಲಿ ನಗೆಯಾಡಿದನಂತೆ. ಕರಿಯರ ಪಾಲಿಗೆ ಅಲಬಾಮ ಎಂತಹ ರಾಜ್ಯವಾಗಿತ್ತು ಎಂದು ತಿಳಿದವರಿಗೆ ಆ ನಗೆಯೊಳಗಿನ ಕಹಿಯೂ ತಿಳಿಯುತ್ತದೆ.

ಆದರೆ ಆ ಯಂತ್ರದ ನಿಜವಾದ ತಪ್ಪು ಬೇರೆ. ಅದು ಅಲಿಯ ಮೈಯನ್ನು ಮಾತ್ರ ಹಿಂದಿನ ಕಾಲಕ್ಕೆ ಕಳುಹಿಸಿತು. ಚರ್ಮದ ಬಣ್ಣವನ್ನು ಇಲ್ಲಿಯೇ ಬಿಟ್ಟಿತು. ಜೆಫ್ರೀಸ್ ಪಟ್ಟದಲ್ಲಿದ್ದಷ್ಟು ಕಾಲವೂ ಹೆವಿವೇಟ್ ಕಿರೀಟಕ್ಕಾಗಿ ಕರಿಯನೊಬ್ಬನ ಜೊತೆ ಸೆಣಸಿದವನಲ್ಲ. 1904ರಲ್ಲಿ ಅಲಿ ಹೋಗಿ ಅವನ ಬಾಗಿಲು ತಟ್ಟಿದ್ದರೆ ಸೋಲು ಗೆಲುವಿನ ಮಾತು ಹಾಗಿರಲಿ, ಬಾಗಿಲೇ ತೆರೆಯುತ್ತಿರಲಿಲ್ಲ.

ಬಣ್ಣದ ಗೆರೆ

ಅಮೆರಿಕದಲ್ಲಿ ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಆದರೆ 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ರೈಲುಡಬ್ಬಿಗಳಲ್ಲಿ ಕೂರಿಸುವುದು ಸರಿಯೆಂದು ತೀರ್ಪಿತ್ತಿತು. ರೈಲಿಗೆ ಅನ್ವಯಿಸಿದ್ದು ಶಾಲೆಗೆ, ಹೋಟೆಲಿಗೆ, ಆಸ್ಪತ್ರೆಗೆ, ಸ್ಮಶಾನಕ್ಕೂ ಹಬ್ಬಿತು. ಬಾಕ್ಸಿಂಗ್‌ನಲ್ಲಿ ಇದಕ್ಕೆ 'ಬಣ್ಣದ ಗೆರೆ' ಎಂಬ ಹೆಸರು ಮೊದಲೇ ಇತ್ತು. 1882ರಿಂದ 1892ರವರೆಗೆ ಚಾಂಪಿಯನ್ ಆಗಿದ್ದ ಜಾನ್ ಎಲ್. ಸಲಿವನ್ ಕರಿಯರೊಂದಿಗೆ ಕಾದುವುದಿಲ್ಲವೆಂದು ಬಹಿರಂಗವಾಗಿ ಸಾರಿದ್ದ. ಅವನ ಕಾಲದಲ್ಲಿ ಪೀಟರ್ ಜಾಕ್ಸನ್ ಎಂಬ ಕರಿಯ ಬಾಕ್ಸರ್ ಆಸ್ಟ್ರೇಲಿಯಾದ ಚಾಂಪಿಯನ್ ಆಗಿ ಹೆಸರು ಮಾಡಿದ್ದ. ಈ ಜಾಕ್ಸನ್ 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೇಮ್ಸ್ ಕಾರ್ಬೆಟ್‌ನ ಜೊತೆ 61 ಸುತ್ತು ಹೋರಾಡಿದ, ಯಾರೂ ಗೆಲ್ಲದೆ ಪಂದ್ಯ ನಿಂತಿತು. ಮರುವರ್ಷ ಸಲಿವನ್‌ನನ್ನು ಎದುರಿಸುವ ಅವಕಾಶ ಕಾರ್ಬೆಟ್‌ಗೆ ಸಿಕ್ಕಿತು. ಅವನು ಗೆದ್ದು ಚಾಂಪಿಯನ್ ಆದ. ಅವನಿಗೆ ಸರಿಸಮನಾಗಿ ನಿಂತಿದ್ದ ಜಾಕ್ಸನ್‌ಗೆ ಕೊನೆಗೂ ಸಿಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವನ್ನು ಡೊಂಕು ಮಾಡಿಟ್ಟೇ ಕುಣಿಯಲು ಕರೆಯಲಾಗುತ್ತಿತ್ತು.

ಹಗುರ ತೂಕದ ವಿಭಾಗಗಳಲ್ಲಿ ಗೆರೆ ಸ್ವಲ್ಪ ಮಾಸಿತ್ತು. ಜಾರ್ಜ್ ಡಿಕ್ಸನ್, ಜೋ ಗ್ಯಾನ್ಸ್ ಮುಂತಾದ ಕರಿಯರು ಚಾಂಪಿಯನ್ನರಾದರು. ಆದರೆ 1892ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಡಿಕ್ಸನ್ ಬಿಳಿಯ ಜ್ಯಾಕ್ ಸ್ಕೆಲ್ಲಿಯನ್ನು ರಕ್ತ ಬರುವಂತೆ ಬಡಿದುಹಾಕಿದ ಮೇಲೆ, ಆ ಕ್ಲಬ್ಬಿನವರು ಇನ್ನು ಇಂತಹ ಪಂದ್ಯವೇ ಬೇಡವೆಂದು ನಿರ್ಧರಿಸಿದರು. ಹೆವಿವೇಟ್ ಪಟ್ಟವನ್ನಂತೂ ಬಿಳಿಯ ಗಂಡಸುತನದ ಸಿಂಹಾಸನವೆಂದೇ ಕಾಯಲಾಗುತ್ತಿತ್ತು.

ಆ ಸಿಂಹಾಸನವನ್ನು ಏರಿದವನು ಜ್ಯಾಕ್ ಜಾನ್ಸನ್. 1878ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಹುಟ್ಟಿದವನು. ತಂದೆ ತಾಯಿ ಗುಲಾಮರಾಗಿದ್ದವರು. 1908ರ ಡಿಸೆಂಬರ್ 26ರಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಎದುರಿಸಿದ. ಸೋಲಲಿದ್ದ ಬರ್ನ್ಸ್‌ಗೆ 30,000 ಡಾಲರ್, ಗೆಲ್ಲಲಿದ್ದ ಜಾನ್ಸನ್‌ಗೆ 5,000 ಡಾಲರ್ ಎಂದು ಮೊದಲೇ ಒಪ್ಪಂದವಾಗಿತ್ತು. 14ನೇ ಸುತ್ತಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಿದರು. ಬಿಳಿಯ ಚಾಂಪಿಯನ್ ನೆಲಕ್ಕೆ ಬೀಳುವುದನ್ನು ಜಗತ್ತು ನೋಡಬಾರದೆಂದು ಕ್ಯಾಮೆರಾಗಳನ್ನೂ ನಿಲ್ಲಿಸಲಾಯಿತು. ಅಖಾಡದ ಪಕ್ಕದಲ್ಲೇ ಕುಳಿತು ವರದಿ ಬರೆಯುತ್ತಿದ್ದ ಕಾದಂಬರಿಕಾರ ಜ್ಯಾಕ್ ಲಂಡನ್, ನಿವೃತ್ತ ಜೆಫ್ರೀಸ್ ತನ್ನ ಹೊಲ ಬಿಟ್ಟು ಮರಳಿ ಬರಬೇಕೆಂದು ಕರೆಕೊಟ್ಟ. ಬಡವರ ಪರ ಬರೆದ ಸಮಾಜವಾದಿ ಲೇಖಕನ ಲೇಖನಿಯೂ ಬಣ್ಣದ ಗೆರೆಯ ಬಳಿ ಬಂದಾಗ ಮುಗ್ಗರಿಸಿತು.

ರೀನೋದ ಮಧ್ಯಾಹ್ನ

1910ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ನೆವಾಡಾದ ರೀನೋ ಪಟ್ಟಣದಲ್ಲಿ ಮರದ ಹಲಗೆಗಳಿಂದ ಕಟ್ಟಿದ ಅಖಾಡದ ಸುತ್ತ ಸುಮಾರು 20,000 ಜನ. ಬಹುಮಾನದ ಮೊತ್ತ 1,01,000 ಡಾಲರ್. ಒಳಬರುವವರು ತಮ್ಮ ಪಿಸ್ತೂಲುಗಳನ್ನು ಬಾಗಿಲಲ್ಲೇ ಬಿಡಬೇಕಾಗಿತ್ತು. ಜೆಫ್ರೀಸ್‌ನ ಮೂಲೆಯಲ್ಲಿ ನಿಂತು ಜಾನ್ಸನ್‌ಗೆ ಜನಾಂಗದ ಹೆಸರಿನಲ್ಲಿ ಬೈಗುಳ ಸುರಿಸುತ್ತಿದ್ದವನು ಬೇರೆ ಯಾರೂ ಅಲ್ಲ, ಅದೇ ಕಾರ್ಬೆಟ್.

ಈಗ ನಮ್ಮ ಆಟವನ್ನು ಆಡೋಣ. ಜಾನ್ಸನ್‌ನ ಜಾಗದಲ್ಲಿ 1967ರ ಅಲಿಯನ್ನು ನಿಲ್ಲಿಸೋಣ.

ಮೊದಲು ಆಟದ ನಿಯಮ. ಇಂದು ವಿಶ್ವ ಪಟ್ಟದ ಪಂದ್ಯ 12 ಸುತ್ತಿನದು. ಅಲಿಯ ಕಾಲದಲ್ಲಿ 15. ರೀನೋದಲ್ಲಿ ನಿಗದಿಯಾಗಿದ್ದುದು 45 ಸುತ್ತು, ಅಂದರೆ ನಡುವಿನ ವಿಶ್ರಾಂತಿ ಬಿಟ್ಟು ಎರಡೂಕಾಲು ಗಂಟೆ. ಮರುಭೂಮಿಯ ಬಿಸಿಲು, ತೆಳ್ಳನೆಯ ಗ್ಲೋವ್ಸ್. ಬಿದ್ದವನು ಏಳುವವರೆಗೆ ದೂರದ ಮೂಲೆಗೆ ಹೋಗಿ ನಿಲ್ಲಬೇಕೆಂಬ ನಿಯಮ ಆಗ ಇರಲಿಲ್ಲ, ಏಳುತ್ತಿದ್ದಂತೆಯೇ ಹೊಡೆಯಬಹುದಾಗಿತ್ತು. ಚಿಟ್ಟೆಯಂತೆ ಕುಣಿಯುವ ಅಲಿ 45 ಸುತ್ತು ಕುಣಿಯಲಾರ. ಆದರೆ ಕಾಯುವ ಕಲೆ ಅವನಿಗೆ ಗೊತ್ತಿತ್ತು. 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೊರಗಿ ನಿಂತು ಫೋರ್‌ಮನ್‌ನ ಹೊಡೆತಗಳನ್ನೆಲ್ಲ ತಿಂದು, ಅವನು ದಣಿದಾಗ ಕೆಡವಿದ್ದನ್ನು ಜಗತ್ತೇ ಕಂಡಿದೆ. ಜಾನ್ಸನ್‌ನ ವಿದ್ಯೆಯೂ ಅದೇ: ಎದುರಾಳಿಯ ತೋಳನ್ನು ಹಿಡಿದು, ಏಟನ್ನು ಗಾಳಿಯಲ್ಲೇ ತಡೆದು, ಮಾತಿನಿಂದ ಚುಚ್ಚುತ್ತ ಅವನನ್ನು ಬಳಲಿಸುವುದು. ಆರು ವರ್ಷ ಅಖಾಡಕ್ಕಿಳಿಯದೆ ಮೈ ಬೆಳೆಸಿದ್ದ ಜೆಫ್ರೀಸ್‌ನನ್ನು ಜಾನ್ಸನ್ 15ನೇ ಸುತ್ತಿನಲ್ಲಿ ಮುಗಿಸಿದ. ಅದಕ್ಕೆ ಮುನ್ನ ಜೆಫ್ರೀಸ್ ತನ್ನ ಜೀವಮಾನದಲ್ಲಿ ಒಮ್ಮೆಯೂ ನೆಲಕ್ಕೆ ಬಿದ್ದವನಲ್ಲ. ಅಲಿಯೂ ಗೆಲ್ಲುತ್ತಿದ್ದ ಎಂದೇ ನನ್ನ ನಂಬಿಕೆ.

ಆದರೆ ಗೆದ್ದ ಮೇಲೆ? ತಂತಿ ಸುದ್ದಿ ಹರಡಿದಂತೆ ಅಂದು ರಾತ್ರಿ ಅಮೆರಿಕದ ಅನೇಕ ನಗರಗಳಲ್ಲಿ ಗಲಭೆ ಹತ್ತಿಕೊಂಡಿತು. ಸಂತೋಷದಿಂದ ಕೂಗಿದ ಕರಿಯರನ್ನು ಬೀದಿಯಲ್ಲಿ ಹಿಡಿದು ಬಡಿಯಲಾಯಿತು. ಸತ್ತವರಲ್ಲಿ ಹೆಚ್ಚಿನವರು ಕರಿಯರು. ಅವರಾರೂ ಗ್ಲೋವ್ಸ್ ತೊಟ್ಟವರಲ್ಲ. ಪಂದ್ಯದ ಚಲನಚಿತ್ರವನ್ನು ಹಲವು ನಗರಗಳು ನಿಷೇಧಿಸಿದವು. 1912ರಲ್ಲಿ, ಬಾಕ್ಸಿಂಗ್ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದೇ ಅಪರಾಧವೆಂದು ಕಾನೂನು ಬಂತು. ಅಲಿಯಂತೆ ಕವಿತೆ ಕಟ್ಟಿ, ತಾನೇ ಶ್ರೇಷ್ಠನೆಂದು ಕೂಗಿ, ತಾನೇ ಸುಂದರನೆಂದು ಸಾರುವ ಕರಿಯ ಆ ರಾತ್ರಿ ರೀನೋದಿಂದ ಹೊರಟು ದಕ್ಷಿಣದ ಯಾವುದಾದರೊಂದು ಸಣ್ಣ ಸ್ಟೇಷನ್ನಿನಲ್ಲಿ ರೈಲಿಳಿದಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷ, ಲಂಡನ್‌ನಲ್ಲಿ

1910ರ ಅದೇ ಬೇಸಿಗೆಯಲ್ಲಿ ಇನ್ನೊಬ್ಬ ಮಲ್ಲ ಲಂಡನ್‌ನಲ್ಲಿದ್ದ. ಹೆಸರು ಗುಲಾಮ್ ಮುಹಮ್ಮದ್. ಜಗತ್ತು ಕರೆದದ್ದು ಗಾಮಾ ಪೈಲ್ವಾನ್ ಎಂದು. ಎತ್ತರ ಸಾಲದೆಂದು ಅವನನ್ನು ಮೊದಲು ಕುಸ್ತಿಯ ಕಣಕ್ಕೆ ಸೇರಿಸಿಕೊಳ್ಳಲಿಲ್ಲ. ಗಾಮಾ ಬಂದವರನ್ನೆಲ್ಲ ಎದುರಿಸುವುದಾಗಿ ಸವಾಲು ಹಾಕಿದ. ಅಮೆರಿಕದ ಬೆಂಜಮಿನ್ ರೋಲರ್ ಸೋತ. ಸೆಪ್ಟೆಂಬರ್ 10ರಂದು ಪೋಲೆಂಡಿನ ದೈತ್ಯ ಝ್ಬಿಸ್ಕೊ ಎರಡೂವರೆ ಗಂಟೆ ನೆಲಕ್ಕೆ ಅಂಟಿಕೊಂಡು ಸೋಲನ್ನು ತಪ್ಪಿಸಿಕೊಂಡ. ವಾರದ ಬಳಿಕ ಮತ್ತೆ ಸೆಣಸಬೇಕಾದಾಗ ಅವನು ಬರಲೇ ಇಲ್ಲ; ಜಾನ್ ಬುಲ್ ಪಟ್ಟಿ ಗಾಮಾನದಾಯಿತು. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ತು ಮಾಡಿದ. ಆಳಿಸಿಕೊಳ್ಳುವವನು ಆಳುವವನ ಊರಿಗೇ ಹೋಗಿ ಗೆದ್ದು ಬರುವುದು ಆ ಕಾಲದಲ್ಲಿ ಬರೀ ಆಟದ ಸುದ್ದಿಯಾಗಿರಲಿಲ್ಲ.

ಈ ಭಯ ಸಾಮ್ರಾಜ್ಯಕ್ಕೂ ತಿಳಿದಿತ್ತು. 1911ರಲ್ಲಿ ಜಾನ್ಸನ್ ಲಂಡನ್‌ನಲ್ಲಿ ಬೊಂಬಾರ್ಡಿಯರ್ ಬಿಲ್ಲಿ ವೆಲ್ಸ್ ಎಂಬ ಬಿಳಿಯನನ್ನು ಎದುರಿಸಬೇಕಿತ್ತು. ಈ ವೆಲ್ಸ್ ಬ್ರಿಟಿಷ್ ಸೇನೆಯಲ್ಲಿ ಭಾರತದಲ್ಲಿದ್ದಾಗ ಬಾಕ್ಸಿಂಗ್‌ನಲ್ಲಿ ಹೆಸರು ಮಾಡಿದ್ದವನು. ಪಾದ್ರಿಗಳು, ಗಣ್ಯರು ವಿರೋಧಿಸಿದರು. ವಸಾಹತುಗಳ ಕಪ್ಪು ಕಂದು ಜನರ ಮೇಲೆ ಇದರ ಪರಿಣಾಮವೇನು ಎಂಬುದು ಅವರ ಆತಂಕಗಳಲ್ಲಿ ಒಂದಾಗಿತ್ತು. ಗೃಹ ಸಚಿವ ವಿನ್‌ಸ್ಟನ್ ಚರ್ಚಿಲ್ ಪಂದ್ಯವನ್ನು ಕಾನೂನುಬಾಹಿರವೆಂದು ಸಾರಿದ. ಬ್ರಿಟಿಷ್ ಪಟ್ಟಕ್ಕೆ ಸೆಣಸುವವನ ತಂದೆ ತಾಯಿ ಇಬ್ಬರೂ ಬಿಳಿಯರಾಗಿರಬೇಕೆಂಬ ನಿಯಮ 1948ರವರೆಗೂ ನಡೆಯಿತು. ಆ ವರ್ಷ ಡಿಕ್ ಟರ್ಪಿನ್ ಆ ಗೆರೆ ದಾಟಿದ. ಲಂಡನ್‌ನಲ್ಲೇ ಹುಟ್ಟಿದ ಲೆನಾಕ್ಸ್ ಲೂಯಿಸ್ ಆಗಲಿ, ವಾಟ್‌ಫರ್ಡ್‌ನಲ್ಲಿ ಹುಟ್ಟಿದ ಆಂಥೊನಿ ಜೋಶುವಾ ಆಗಲಿ ನೂರು ವರ್ಷ ಮೊದಲು ಬಂದಿದ್ದರೆ ತಾವು ಹುಟ್ಟಿದ ದೇಶದ ಚಾಂಪಿಯನ್ ಕೂಡ ಆಗುತ್ತಿರಲಿಲ್ಲ.

ಬಾಗಿಲ ಹೊರಗೆ ಉಳಿದವರು

ನಾವು ಹಳೆಯ ಕಾಲಕ್ಕೆ ಕಳುಹಿಸುವ ಪ್ರತಿಯೊಬ್ಬ ಚಾಂಪಿಯನ್ನನೂ ಜಾನ್ಸನ್ ಆಗಿಬಿಡುತ್ತಾನೆ ಎಂದು ಭಾವಿಸುವುದು ನಮ್ಮ ಉದಾರತನ. ಹೆಚ್ಚಿನವರು ಸ್ಯಾಮ್ ಲ್ಯಾಂಗ್‌ಫರ್ಡ್ ಆಗುತ್ತಿದ್ದರು. ಕೆನಡಾದಲ್ಲಿ ಹುಟ್ಟಿದ ಈ ಕುಳ್ಳ ಮೈಕಟ್ಟಿನ, ಭೀಕರ ಹೊಡೆತದ ಬಾಕ್ಸರ್ ಇನ್ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿದ. ವಿಶ್ವ ಹೆವಿವೇಟ್ ಪಟ್ಟಕ್ಕೆ ಸೆಣಸುವ ಅವಕಾಶ ಒಮ್ಮೆಯೂ ಸಿಗಲಿಲ್ಲ. ಬಿಳಿಯರು ಎದುರಿಸದ ಕಾರಣ ಕರಿಯರು ತಮ್ಮತಮ್ಮೊಳಗೆ ಮತ್ತೆ ಮತ್ತೆ ಬಡಿದಾಡಬೇಕಿತ್ತು. ಲ್ಯಾಂಗ್‌ಫರ್ಡ್ ಮತ್ತು ಹ್ಯಾರಿ ವಿಲ್ಸ್ ಹದಿನೈದಕ್ಕೂ ಹೆಚ್ಚು ಬಾರಿ ಎದುರಾದರು. ದೃಷ್ಟಿ ಮಂದವಾಗುತ್ತಿದ್ದರೂ ಅವನು ಹೊಟ್ಟೆಪಾಡಿಗಾಗಿ ಅಖಾಡಕ್ಕಿಳಿಯುತ್ತಿದ್ದ. 1944ರಲ್ಲಿ ಪತ್ರಕರ್ತನೊಬ್ಬ ಹುಡುಕಿಕೊಂಡು ಹೋದಾಗ ನ್ಯೂಯಾರ್ಕಿನ ಹಾರ್ಲೆಮ್‌ನ ಕೋಣೆಯೊಂದರಲ್ಲಿ ಅವನು ಕುರುಡನಾಗಿ, ಬಡವನಾಗಿ ಕುಳಿತಿದ್ದ. ಟೈಸನ್ 20ನೇ ವಯಸ್ಸಿಗೆ, 1986ರಲ್ಲಿ ಪಟ್ಟ ಗೆದ್ದ. ಅದೇ ಕುಳ್ಳ ಮೈಕಟ್ಟು, ಅದೇ ಭೀಕರ ಹೊಡೆತ ಇದ್ದ ಲ್ಯಾಂಗ್‌ಫರ್ಡ್‌ಗೆ ದಕ್ಕಿದ್ದು ಆ ಕತ್ತಲೆ ಕೋಣೆ. ಫ್ಲಾಯ್ಡ್ ಮೇವೆದರ್ 50 ಪಂದ್ಯಗಳಲ್ಲಿ 50 ಗೆದ್ದು ಕೋಟ್ಯಂತರ ಡಾಲರ್ ಗಳಿಸಿ, ಆ ಹಣವನ್ನು ಕ್ಯಾಮೆರಾ ಮುಂದೆ ತೂರಿದ. 1910ರಲ್ಲಿ ಅವನ 50 ಪಂದ್ಯಗಳಲ್ಲಿ ಎಷ್ಟು ಪಂದ್ಯ ನಡೆಯಲು ಬಿಡುತ್ತಿದ್ದರು?

ಅಷ್ಟು ಹಿಂದಕ್ಕೆ ಹೋಗುವುದೂ ಬೇಕಿಲ್ಲ. ಟೆಕ್ಸಾಸ್‌ನಲ್ಲಿ ಕರಿಯ ಬಿಳಿಯ ಬಾಕ್ಸರುಗಳು ಪರಸ್ಪರ ಸೆಣಸುವುದು 1954ರವರೆಗೆ ಕಾನೂನಿನ ಪ್ರಕಾರ ನಿಷಿದ್ಧವಾಗಿತ್ತು. ಅದೇ ರಾಜ್ಯದಲ್ಲಿ ಹುಟ್ಟಿದ ಫೋರ್‌ಮನ್‌ಗೆ ಆಗ ಐದು ವರ್ಷ. ಲೂಸಿಯಾನದ ಇಂತಹ ಕಾನೂನು ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು 1959ರಲ್ಲಿ. ಕೆಂಟಕಿಯ ಲೂಯಿವಿಲ್‌ನಲ್ಲಿ ಬೇರೆ ಶಾಲೆ, ಬೇರೆ ಉದ್ಯಾನಗಳ ನಡುವೆ ಬೆಳೆದ ಕ್ಯಾಷಿಯಸ್ ಕ್ಲೇ ಎಂಬ ಹುಡುಗನಿಗೆ ಆಗ 17. ಅಂದರೆ ಅಲಿಯನ್ನು ನಾವು ವರ್ಣಭೇದದ ಕಾಲಕ್ಕೆ ಕಳುಹಿಸಬೇಕಾಗಿಯೇ ಇಲ್ಲ. ಅವನು ಹುಟ್ಟಿ ಬಂದದ್ದೇ ಅಲ್ಲಿಂದ.

ಒಳ್ಳೆಯ ಕರಿಯನ ಪಟ್ಟಿ

ಜಾನ್ಸನ್‌ನನ್ನು ಅಖಾಡದಲ್ಲಿ ಕೆಡವಲಾಗದವರು ನ್ಯಾಯಾಲಯದಲ್ಲಿ ಕೆಡವಿದರು. ಹೆಂಗಸರನ್ನು ವೇಶ್ಯಾವೃತ್ತಿಗೆ ಸಾಗಿಸುವುದನ್ನು ತಡೆಯಲು 1910ರ ಜೂನ್‌ನಲ್ಲಿ, ರೀನೋ ಪಂದ್ಯಕ್ಕೆ ಕೆಲವೇ ದಿನ ಮೊದಲು, ಮಾನ್ ಕಾಯ್ದೆ ಬಂದಿತ್ತು. ಬಿಳಿಯ ಹೆಂಗಸರೊಂದಿಗೆ ಬಹಿರಂಗವಾಗಿ ಬಾಳುತ್ತಿದ್ದ ಜಾನ್ಸನ್‌ನ ಮೇಲೆ ಅದನ್ನು ಬಳಸಲಾಯಿತು. 1913ರಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಅವನನ್ನು ಅಪರಾಧಿಯೆಂದಿತು. ಶಿಕ್ಷೆ ಒಂದು ವರ್ಷ ಒಂದು ದಿನ. ಅವನು ದೇಶ ಬಿಟ್ಟು ಓಡಿದ. 1915ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲರ್ಡ್‌ನಿಗೆ ಪಟ್ಟ ಕಳೆದುಕೊಂಡ. 1920ರಲ್ಲಿ ಮರಳಿ ಬಂದು ಸೆರೆಮನೆ ಸೇರಿದ. ಅವನ ದರ್ಪಕ್ಕೆ ದಂಡ ತೆತ್ತವರು ಮುಂದಿನವರು. ಮುಂದಿನ 22 ವರ್ಷ ಯಾವ ಕರಿಯನಿಗೂ ಹೆವಿವೇಟ್ ಪಟ್ಟಕ್ಕೆ ಸೆಣಸುವ ಅವಕಾಶ ದೊರೆಯಲಿಲ್ಲ.

1937ರಲ್ಲಿ ಜೋ ಲೂಯಿಸ್‌ಗೆ ಅದು ದೊರೆತದ್ದು ಒಂದು ಪಟ್ಟಿಯ ಜೊತೆಗೆ. ಅವನ ವ್ಯವಸ್ಥಾಪಕರು ಅವನಿಗೆ ಕಲಿಸಿದರು: ಬಿಳಿಯ ಹೆಣ್ಣಿನ ಜೊತೆ ಫೋಟೋ ತೆಗೆಸಿಕೊಳ್ಳಬೇಡ. ಬಿದ್ದವನ ಎದುರು ಹಿಗ್ಗಬೇಡ. ಒಬ್ಬನೇ ನೈಟ್‌ಕ್ಲಬ್ಬಿಗೆ ಹೋಗಬೇಡ. ಕ್ಯಾಮೆರಾ ಮುಂದೆ ಮುಖದಲ್ಲಿ ಭಾವನೆ ತೋರಬೇಡ. ಒಟ್ಟಿನಲ್ಲಿ, ಜಾನ್ಸನ್ ಆಗಬೇಡ. ಲೂಯಿಸ್ ಪಟ್ಟಿಯನ್ನು ಪಾಲಿಸಿದ. 1938ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು 124 ಸೆಕೆಂಡುಗಳಲ್ಲಿ ಸೋಲಿಸಿ ಹಿಟ್ಲರನ ವಿರುದ್ಧ ಇಡೀ ಅಮೆರಿಕದ ವೀರನಾದ. 1942ರಲ್ಲಿ ತನ್ನ ಗಳಿಕೆಯನ್ನು ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟ. ಆಗ ಆ ನೌಕಾಪಡೆಯಲ್ಲಿ ಕರಿಯರಿಗಿದ್ದ ಸ್ಥಾನ ಅಡುಗೆಮನೆ ಮತ್ತು ಊಟದ ಕೋಣೆಯ ಸೇವೆ. ಯುದ್ಧ ಮುಗಿದ ಮೇಲೆ ತೆರಿಗೆಯ ಬಾಕಿ ಅವನನ್ನು ಬೆನ್ನಟ್ಟಿ ಹಣ್ಣು ಮಾಡಿತು.

ಇಂತಹ ಪಟ್ಟಿ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಕಡಿಮೆ ಸಂಖ್ಯೆಯವರು, ಕೆಳಗಿನವರೆಂದು ಎಣಿಸಲ್ಪಟ್ಟವರು ಇರುವಲ್ಲೆಲ್ಲ ಅದು ಇದೆ. ಎಲ್ಲಿಯೂ ಬರೆದಿಟ್ಟಿರುವುದಿಲ್ಲ, ಮಕ್ಕಳಿಗೆ ತಾಯಂದಿರು ಮೆಲ್ಲಗೆ ಹೇಳಿಕೊಟ್ಟಿರುತ್ತಾರೆ. ಗಟ್ಟಿಯಾಗಿ ನಗಬೇಡ, ಗೆದ್ದರೆ ತಲೆ ತಗ್ಗಿಸು, ನಿನ್ನ ದೇಶಪ್ರೇಮವನ್ನು ಇತರರಿಗಿಂತ ಎರಡು ಪಟ್ಟು ತೋರಿಸು. ಪಟ್ಟಿ ಪಾಲಿಸಿದವನನ್ನು ಒಳ್ಳೆಯವನೆನ್ನುತ್ತಾರೆ. ಆದರೆ ಆ ಒಳ್ಳೆಯತನ ಅವನ ಸ್ವತ್ತಲ್ಲ, ಬಾಡಿಗೆಯದು. ತಿಂಗಳು ತಿಂಗಳು ಕಟ್ಟುತ್ತಿರಬೇಕು.

ಅಲಿ ಪಟ್ಟಿಯನ್ನು ಹರಿದೆಸೆದ. 1964ರಲ್ಲಿ ಪಟ್ಟ ಗೆದ್ದ ಬೆನ್ನಿಗೇ ತನ್ನ ಧರ್ಮವನ್ನು ಸಾರಿದ, ಹೆಸರು ಬದಲಿಸಿದ. 1967ರಲ್ಲಿ ಸೇನೆಗೆ ಸೇರಲು ನಿರಾಕರಿಸಿದ. ಐದು ವರ್ಷದ ಜೈಲು, 10,000 ಡಾಲರ್ ದಂಡದ ತೀರ್ಪಾಯಿತು. ಮೇಲ್ಮನವಿಯ ಕಾರಣ ಜೈಲಿಗೆ ಹೋಗಲಿಲ್ಲ, ಆದರೆ ಮೂರೂವರೆ ವರ್ಷ ಅಖಾಡಕ್ಕಿಳಿಯಲಾಗಲಿಲ್ಲ. ಆ ದಿನಗಳಲ್ಲಿ ಬ್ರಾಡ್‌ವೇಯಲ್ಲಿ ಜಾನ್ಸನ್‌ನ ಬಾಳನ್ನು ಆಧರಿಸಿದ ನಾಟಕ ನೋಡಿದ ಅಲಿ, ಬಿಳಿಯ ಹೆಂಗಸಿನ ಸಂಗತಿ ಬಿಟ್ಟರೆ ಇದು ನನ್ನದೇ ಕಥೆ ಎಂದನಂತೆ.

ಅವನ ಮಾತು ಮುಕ್ಕಾಲು ನಿಜ. ಉಳಿದ ಕಾಲು ಭಾಗದಲ್ಲಿಯೇ ಚರಿತ್ರೆ ಅಡಗಿದೆ. ಜಾನ್ಸನ್ ಓಡಿಹೋಗಬೇಕಾಯಿತು, ಅಲಿ ನಿಂತು ಉತ್ತರಿಸಿದ. ಏಕೆಂದರೆ ಅಷ್ಟರಲ್ಲಿ ಮಾಂಟ್ಗೊಮರಿಯ ಬಸ್ ಬಹಿಷ್ಕಾರ ನಡೆದಿತ್ತು, ಮತದಾನದ ಹಕ್ಕಿಗಾಗಿ ಜನ ಪ್ರಾಣ ಕೊಟ್ಟಿದ್ದರು, ವಿಶ್ವವಿದ್ಯಾಲಯಗಳು ಯುದ್ಧದ ವಿರುದ್ಧ ಎದ್ದು ಅವನನ್ನು ಭಾಷಣಕ್ಕೆ ಕರೆಯುತ್ತಿದ್ದವು. 1970ರಲ್ಲಿ ಅಟ್ಲಾಂಟದಲ್ಲಿ ಅವನಿಗೆ ಮತ್ತೆ ಅಖಾಡ ಸಿಗುವಂತೆ ಮಾಡಿದವನು ಲೆರಾಯ್ ಜಾನ್ಸನ್ ಎಂಬ ಕರಿಯ ಸೆನೆಟರ್. 1910ರ ಜಾರ್ಜಿಯಾದಲ್ಲಿ ಅಂತಹ ಒಬ್ಬ ಸೆನೆಟರನೇ ಇರಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟು 8-0 ಮತಗಳಿಂದ ಶಿಕ್ಷೆಯನ್ನು ರದ್ದುಪಡಿಸಿತು. ಅಲಿಯನ್ನು ಅಲಿಯನ್ನಾಗಿ ಮಾಡಿದ್ದರಲ್ಲಿ ಬಸ್ಸು ಹತ್ತದೆ ನಡೆದುಹೋದ ಹೆಸರಿಲ್ಲದ ಹೆಂಗಸರ ಪಾಲೂ ಇದೆ.

ವೀರರನ್ನು ಔಲಿಯಾಗಳನ್ನಾಗಿ ಮಾಡುವ ಅಗತ್ಯವಿಲ್ಲ. ಜಾನ್ಸನ್ ಹೆಂಡತಿಯ ಮೇಲೆ ಕೈಮಾಡುತ್ತಿದ್ದ. ಚಾಂಪಿಯನ್ ಆದ ಮೇಲೆ ತಾನೂ ಬಣ್ಣದ ಗೆರೆ ಎಳೆದು ಲ್ಯಾಂಗ್‌ಫರ್ಡ್‌ನನ್ನು ದೂರವಿಟ್ಟ. ಬಿಳಿಯರ ಜೊತೆ ಆಡಿದರೆ ಹಣ ಹೆಚ್ಚು. ಅಲಿ ಜೋ ಫ್ರೇಜರ್ ಎಂಬ ಕರಿಯನನ್ನು ಗೊರಿಲ್ಲಾ ಎಂದು ಹೀಯಾಳಿಸಿದ. ಬಿಳಿಯರ ಬಾಯಿಯ ಬೈಗುಳವನ್ನೇ ಎರವಲು ತಂದ. ಅವನು ಮೊದಲು ಸೇರಿದ ಸಂಘಟನೆ ಬಿಳಿಯರೆಲ್ಲ ಶೈತಾನರೆಂದು ಕಲಿಸುತ್ತಿತ್ತು. ಹಬ್ಶಿ ಗುಲಾಮನಾಗಿದ್ದ ಬಿಲಾಲರನ್ನು ಕಾಬಾದ ಮೇಲೇರಿಸಿ ಬಾಂಗ್ ಕೊಡಿಸಿದ ಧರ್ಮದಲ್ಲಿ ಆ ಮಾತಿಗೆ ಜಾಗವಿಲ್ಲ ಎಂದು ಅವನು ಬಹಿರಂಗವಾಗಿ ಒಪ್ಪಿದ್ದು 1975ರ ನಂತರ. ದ್ವೇಷ ತಿಂದವರ ಬಾಯಿಂದಲೂ ಕೆಲವೊಮ್ಮೆ ದ್ವೇಷವೇ ಬರುತ್ತದೆ. ಅದೂ ಆ ಕಾಲದ ಲೆಕ್ಕಕ್ಕೇ ಸೇರಬೇಕು.

1946ರಲ್ಲಿ, 68ನೇ ವಯಸ್ಸಿನಲ್ಲಿ ಜಾನ್ಸನ್ ನಾರ್ತ್ ಕೆರೊಲಿನಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಹೋಟೆಲೊಂದರಲ್ಲಿ ಬಿಳಿಯರೊಂದಿಗೆ ಕೂರಲು ಬಿಡದ ಸಿಟ್ಟಿಗೆ ಕಾರನ್ನು ಜೋರಾಗಿ ಓಡಿಸಿದ ಎಂದು ಹೇಳುತ್ತಾರೆ. 2018ರ ಮೇ 24ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವನಿಗೆ ಕ್ಷಮಾದಾನ ಪ್ರಕಟಿಸಿದಾಗ ಲೆನಾಕ್ಸ್ ಲೂಯಿಸ್ ಮತ್ತು ಅಲಬಾಮದ ಡಿಯಾಂಟೆ ವೈಲ್ಡರ್ ಪಕ್ಕದಲ್ಲಿ ನಿಂತಿದ್ದರು. ಸತ್ತು 72 ವರ್ಷಗಳಾದವನಿಗೆ ಕ್ಷಮೆ! ಕ್ಷಮಿಸಬೇಕಾದವರು ಯಾರು, ಕ್ಷಮೆ ಕೇಳಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಸತ್ತ ಬಂಡಾಯಗಾರನನ್ನು ಪ್ರೀತಿಸುವುದು ಎಲ್ಲ ಕಾಲಕ್ಕೂ ಸುಲಭ. 2016ರಲ್ಲಿ ಅಲಿಯ ಜನಾಝಾಕ್ಕೆ ಸಾವಿರಾರು ಜನ ಸೇರಿದರು. 1967ರಲ್ಲಿ ಅವನ ಪರವಾಗಿ ಮಾತಾಡಿದವರು ಬೆರಳೆಣಿಕೆಯಷ್ಟು. ಆದ್ದರಿಂದ ಇಂದಿನ ಚಾಂಪಿಯನ್ನರನ್ನು 1910ಕ್ಕೆ ಕಳುಹಿಸಿ ಆಡುವ ಆಟದಲ್ಲಿ ಅವರ ಜೊತೆಗೆ ನಮ್ಮನ್ನೂ ಕಳುಹಿಸಿಕೊಳ್ಳೋಣ. ರೀನೋದ ಆ 20,000 ಜನರ ನಡುವೆ ನಮಗೂ ಒಂದು ಹಲಗೆಯಿದೆ ಎಂದುಕೊಳ್ಳೋಣ. ಸುತ್ತಲಿನವರು ಕೂಗತೊಡಗಿದಾಗ ನಾವೇನು ಮಾಡುತ್ತಿದ್ದೆವು? ಈ ಪ್ರಶ್ನೆಗೆ ಉತ್ತರ ಹುಡುಕಲು 1910ರವರೆಗೆ ಹೋಗಬೇಕಾಗಿಲ್ಲ. ಇಂದು ನಮ್ಮ ಸುತ್ತ ಕೂಗು ಎದ್ದಾಗ ನಾವು ಏನು ಮಾಡುತ್ತಿದ್ದೇವೆ ಎಂದು ನೋಡಿಕೊಂಡರೆ ಸಾಕು.